ಬಾಗುವ ಚಪ್ಪಲಿಗೆ ಬಾಗುವ ಬಣ್ಣ: ಒಂದು ನಾಟಕ ತಂಡದ ಪ್ರಕರಣ

ಪ್ರಕರಣ ಇಷ್ಟು. ಮಕ್ಕಳಿಗಾಗಿ ನಾಟಕ ಆಡುವ ಒಂದು ತಂಡ. ನಾಟಕದ ತುಂಬ ಕಪ್ಪೆ, ಗಿಳಿ, ಜೀರುಂಡೆ, ಬಸವನಹುಳು. ಪಾತ್ರಧಾರಿಗಳು ಕುಣಿಯಬೇಕು, ಜಿಗಿಯಬೇಕು, ಕುಕ್ಕರುಗಾಲಲ್ಲಿ ಕೂತು ಏಳಬೇಕು. ಹಗುರವಾಗಿರಲಿ, ಸದ್ದು ಮಾಡದಿರಲಿ ಅಂತ ಫೋಮಿನ ಕ್ಲಾಗ್ ಆರಿಸಿದ್ದರು. ಮೇಲೆ ತೂತು, ಹಿಂದೆ ಪಟ್ಟಿ ಇರುತ್ತದಲ್ಲ, ಅದೇ. ಕೈಗೆ ಸಿಕ್ಕವೆಲ್ಲ ಕಡುನೀಲಿ ಮತ್ತು ಬೂದು. ಅವನ್ನು ಗಿಳಿಹಸಿರು, ಹಳದಿ, ಕಿತ್ತಳೆ, ಕಣ್ಣು ಕುಕ್ಕುವ ಗುಲಾಬಿ ಮಾಡಬೇಕಿತ್ತು.

ತಂಡದವರು ಕರಕುಶಲ ಕೆಲಸಕ್ಕೆ ಬಳಸುವ ಸಾದಾ ಅಕ್ರಿಲಿಕ್ ಬಣ್ಣ ತಂದು ದಪ್ಪಗೆ ಎರಡು ಕೋಟ್ ಬಳಿದರು. ಒಣಗಿದ ಮೇಲೆ ನೋಡೋಕೆ ಚೆನ್ನಾಗಿಯೇ ಇತ್ತು. ಮೊದಲ ತಾಲೀಮು ಮುಗಿಯುವಷ್ಟರಲ್ಲಿ ರಂಗದ ಮೇಲೆಲ್ಲ ಬಣ್ಣದ ಚೂರು ಬಿದ್ದಿತ್ತು. ವೇಷಭೂಷಣ ನೋಡಿಕೊಳ್ಳುವ ಹುಡುಗಿ ನನಗೆ ಫೋನ್ ಮಾಡಿದಳು. "ಅಕ್ಕಾ, ಒಳ್ಳೆ ಬಣ್ಣದ ಹೆಸರು ಒಂದು ಹೇಳಿ ಸಾಕು. ಉಳಿದದ್ದು ನಾವು ನೋಡ್ಕೋತೀವಿ" ಅಂದಳು.

ಎಲ್ಲರೂ ಕೇಳುವುದು ಬಣ್ಣದ ಹೆಸರನ್ನೇ. ನನಗೆ ಬೇಕಿದ್ದದ್ದು ಕೆಟ್ಟುಹೋದ ಜೋಡು. "ತೊಳೀಬೇಡ, ಕೆರೀಬೇಡ, ಹಾಗೇ ತಂದುಕೊಡು" ಅಂದೆ. ಬಣ್ಣ ಹೇಗೆ ಕೆಟ್ಟಿದೆ ಅನ್ನುವುದರಲ್ಲೇ ಮುಂದಿನ ಉತ್ತರ ಅರ್ಧ ಇರುತ್ತದೆ.

ಕೆಟ್ಟಿದ್ದು ಎರಡು ಥರ

ಮೇಜಿನ ಮೇಲೆ ಇಟ್ಟು ಬೆಳಕಿನಲ್ಲಿ ನೋಡಿದರೆ ಎರಡು ಬೇರೆ ಬೇರೆ ರೋಗ ಕಾಣುತ್ತಿದ್ದವು.

ಅಟ್ಟೆಯ ಪಕ್ಕದ ಅಂಚಿನಲ್ಲಿ, ಹೆಬ್ಬೆರಳಿನ ಬುಡ ಬಾಗುವ ಜಾಗದ ಹತ್ತಿರ, ಬಣ್ಣ ಸಣ್ಣ ಸಣ್ಣ ಗೆರೆಗಳಾಗಿ ಬಿರುಕು ಬಿಟ್ಟಿತ್ತು. ಆದರೆ ಬಿರುಕುಗಳ ನಡುವಿನ ಬಣ್ಣ ಇನ್ನೂ ಅಂಟಿಕೊಂಡೇ ಇತ್ತು. ಉಗುರಿನಿಂದ ಕೆರೆದರೂ ಸುಲಭಕ್ಕೆ ಬರಲಿಲ್ಲ. ಮೇಲ್ಭಾಗದಲ್ಲಿ, ಬೆರಳುಗಳ ಮೇಲೆ ಬರುವ ಗುಮ್ಮಟದ ಜಾಗದಲ್ಲಿ, ಕತೆ ಬೇರೆ. ಅಲ್ಲಿ ಬಿರುಕು ಕಮ್ಮಿ. ಒಂದು ತುದಿ ಹಿಡಿದು ಎಳೆದರೆ ಕಾದ ಹಾಲಿನ ಕೆನೆ ಬರುವ ಹಾಗೆ ಇಡೀ ಪದರ ಒಟ್ಟಿಗೆ ಎದ್ದು ಬಂತು. ಕೆಳಗಿನ ಫೋಮ್ ನುಣ್ಣಗೆ, ಹೊಸದರಂತೆ ಹೊಳೆಯುತ್ತಿತ್ತು. ಬಣ್ಣದ ಗುರುತೂ ಇಲ್ಲ.

ಮೊದಲನೆಯದು ಬಣ್ಣದ ತಪ್ಪು. ಪದರ ಹಿಗ್ಗಲಿಲ್ಲ, ಒಡೆಯಿತು. ಎರಡನೆಯದು ಮೇಲ್ಮೈಯ ತಪ್ಪು. ಪದರ ಗಟ್ಟಿಯಾಗೇ ಇತ್ತು, ಹಿಡಿತ ಮಾತ್ರ ಇರಲಿಲ್ಲ. ಇವೆರಡನ್ನೂ ಕಲಸಿ "ಬಣ್ಣ ನಿಲ್ಲಲಿಲ್ಲ" ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಹಾಗಾಗಿಯೇ ಜನ ಒಂದಾದ ಮೇಲೊಂದು ಬಣ್ಣ ಬದಲಿಸುತ್ತಾ ಹೋಗುತ್ತಾರೆ. ಹಿಡಿತ ಇಲ್ಲದ ಕಡೆ ಎಷ್ಟು ಮೆತ್ತನೆಯ ಬಣ್ಣ ಹಚ್ಚಿದರೂ ಅದು ರಬ್ಬರಿನ ಚರ್ಮವಾಗಿ ಎದ್ದು ಬರುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಸಣ್ಣ ಸಂಗತಿ. ಮೇಲ್ಭಾಗದಲ್ಲಿ ಮಡಿಕೆ ಬೀಳುವ ಗೆರೆಯ ಉದ್ದಕ್ಕೂ ಬಣ್ಣ ಸುಕ್ಕಾಗಿ ಗುಳ್ಳೆ ಎದ್ದಿತ್ತು. ಬಾಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗುವ ಕಡೆ ಪದರ ಹರಿಯುತ್ತದೆ. ಕುಗ್ಗುವ ಕಡೆ ಅದಕ್ಕೆ ಹೋಗಲು ಜಾಗವಿಲ್ಲದೆ ಮೇಲಕ್ಕೆ ಏಳುತ್ತದೆ. ಗುಳ್ಳೆ ಕಂಡಲ್ಲಿ ಹಿಡಿತ ಮೊದಲೇ ದುರ್ಬಲವಾಗಿತ್ತು ಅಂತ ಅರ್ಥ.

ಹಿಗ್ಗುವುದು ಎಷ್ಟು? ಸುಮ್ನೆ ಒಂದು ಲೆಕ್ಕ ಹಾಕಬಹುದು. ಅಟ್ಟೆ 12 ಮಿಲಿಮೀಟರ್ ದಪ್ಪ ಇದೆ ಅನ್ನಿ. ಅದರ ನಟ್ಟನಡುವಿನ ಪದರ 40 ಮಿಲಿಮೀಟರ್ ತ್ರಿಜ್ಯದಲ್ಲಿ ಬಾಗುತ್ತದೆ ಅನ್ನಿ. ಹೊರಮೈ ಆ ನಡುವಿನಿಂದ 6 ಮಿಲಿಮೀಟರ್ ದೂರ. 6ನ್ನು 40ರಿಂದ ಭಾಗಿಸಿದರೆ ಶೇಕಡಾ 15. ಪ್ರತಿ ಹೆಜ್ಜೆಗೂ ಅಷ್ಟು ಹಿಗ್ಗಿ ವಾಪಸ್ ಬರಬೇಕು. ಗಟ್ಟಿ ಬಣ್ಣಕ್ಕೆ ಅದರ ಕಾಲುಭಾಗವೂ ತಡೆಯೋದು ಕಷ್ಟ. ಮೇಲ್ಭಾಗ ತೆಳ್ಳಗಿರುವುದರಿಂದ ಅಲ್ಲಿ ಹಿಗ್ಗು ಕಮ್ಮಿ. ಅದಕ್ಕೇ ಅಲ್ಲಿ ಬಿರುಕು ಕಮ್ಮಿ, ಅಟ್ಟೆಯ ಅಂಚಿನಲ್ಲಿ ಜಾಸ್ತಿ.

ಫೋಮ್ ಬಣ್ಣವನ್ನು ಯಾಕೆ ಒಲ್ಲೆ ಅನ್ನುತ್ತದೆ

ಇಂಥ ಚಪ್ಪಲಿಗಳಲ್ಲಿ ಬಹುಪಾಲು ಇವಿಎ ಫೋಮ್. ಎಥಿಲೀನ್ ಮತ್ತು ವಿನೈಲ್ ಅಸಿಟೇಟ್ ಎರಡನ್ನೂ ಸೇರಿಸಿ ಮಾಡಿದ ಪ್ಲಾಸ್ಟಿಕ್ಕನ್ನು ಉಬ್ಬಿಸಿ ಅಚ್ಚು ಹಾಕಿರುತ್ತಾರೆ. ಒಳಗೆ ಮುಚ್ಚಿದ ಸಣ್ಣ ಗುಳ್ಳೆಗಳು. ಒಂದರಿಂದ ಇನ್ನೊಂದಕ್ಕೆ ದಾರಿ ಇಲ್ಲ. ಹಾಗಾಗಿ ನೀರು ಹೀರುವುದಿಲ್ಲ, ಬಣ್ಣವನ್ನೂ ಹೀರುವುದಿಲ್ಲ. ಬಟ್ಟೆ, ಮರ, ಕಾಗದದಲ್ಲಿ ಬಣ್ಣ ಒಳಗಿಳಿದು ಬೇರೂರುತ್ತದೆ. ಇಲ್ಲಿ ಮೇಲೆ ಕೂತಿರುತ್ತದೆ, ಅಷ್ಟೇ.

ಜೊತೆಗೆ ಎಥಿಲೀನ್ ಅಂಶ ಜಾಸ್ತಿ ಇರುವ ಪ್ಲಾಸ್ಟಿಕ್‌ಗಳ ಮೇಲ್ಮೈ ಶಕ್ತಿ, ಅಂದರೆ ದ್ರವವನ್ನು ತನ್ನ ಮೇಲೆ ಹರಡಿಕೊಳ್ಳುವ ಸೆಳೆತ, ಕಮ್ಮಿ. ಬರೀ ಪಾಲಿಎಥಿಲೀನ್‌ನದು ಮೀಟರಿಗೆ ಸುಮಾರು 31 ಮಿಲಿನ್ಯೂಟನ್. ಇವಿಎ ಅದಕ್ಕಿಂತ ಸ್ವಲ್ಪ ಮೇಲೆ. ನೀರಿನ ಮೇಲ್ಮೈ ಎಳೆತ, ಅಂದರೆ ಅದು ಹನಿಯಾಗಿ ಮುದುಡಲು ನೋಡುವ ಬಲ, ಅದೇ ಅಳತೆಯಲ್ಲಿ 72. ದ್ರವದ ಎಳೆತ ತಳದ ಶಕ್ತಿಗಿಂತ ಜಾಸ್ತಿ ಇದ್ದರೆ ಅದು ಹರಡುವುದಿಲ್ಲ, ಮುದುಡಿ ಹನಿಯಾಗುತ್ತದೆ. ನೀರಿನಲ್ಲಿ ಕದಡಿದ ಬಣ್ಣದಲ್ಲಿ ಹರಡಲು ನೆರವಾಗುವ ವಸ್ತುಗಳು ಇರುತ್ತವೆ ನಿಜ. ಆದರೂ ಈ ಅಂತರವನ್ನು ಅವು ಪೂರ್ತಿ ತುಂಬಲಾರವು.

ಕ್ರಾಕ್ಸ್ ಕಂಪನಿ ತನ್ನ ಫೋಮನ್ನು ಕ್ರಾಸ್‌ಲೈಟ್ ಅಂತ ಕರೆಯುತ್ತದೆ. ಅದೂ ಮುಚ್ಚಿದ ಗುಳ್ಳೆಯ ಫೋಮೇ. 2002ರಲ್ಲಿ ಫ್ಲೋರಿಡಾದ ಒಂದು ದೋಣಿ ಮೇಳದಲ್ಲಿ ಅವರ ಮೊದಲ ಕ್ಲಾಗ್ ಮಾರಾಟಕ್ಕೆ ಬಂದಿತ್ತು. ದೋಣಿಯಲ್ಲಿ ಹಾಕಿಕೊಳ್ಳಲಿ, ನೀರು ಹಾಕಿ ತೊಳೆದರೆ ಸಾಕು ಅನ್ನುವ ಚಪ್ಪಲಿ ಅದು. ಕೊಳೆ ಹಿಡಿಯಬಾರದು ಅಂತಲೇ ಮಾಡಿದ ವಸ್ತುವಿಗೆ ಬಣ್ಣ ಹಿಡಿಸಲು ಹೊರಟಿದ್ದೇವೆ ಅಂದಮೇಲೆ ಸ್ವಲ್ಪ ಜಗಳ ಇದ್ದದ್ದೇ ಅಲ್ವಾ.

ಇಷ್ಟು ಎಲ್ಲ ಫೋಮ್ ಚಪ್ಪಲಿಗೂ ಹೊಂದುವ ಮಾತು. ಈ ತಂಡದ್ದರಲ್ಲಿ ಇನ್ನೊಂದು ಕಾರಣವೂ ಇತ್ತು. ಕೇಳಿ ಕೇಳಿ ಹೊರಬಂತು. ಹಳೆಯ ಚಪ್ಪಲಿ ಹೊಸದರಂತೆ ಕಾಣಲಿ ಅಂತ ಬಣ್ಣ ಹಚ್ಚುವ ಮೊದಲು ಯಾರೋ ಶೂ ಹೊಳಪಿಸುವ ಸ್ಪಂಜಿನಿಂದ ಎಲ್ಲವನ್ನೂ ಚೆನ್ನಾಗಿ ಉಜ್ಜಿದ್ದರು. ಆ ಸ್ಪಂಜುಗಳಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಎಣ್ಣೆ ಇರುತ್ತದೆ. ಅದರ ಮೇಲೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಹೊಸ ಚಪ್ಪಲಿಯಲ್ಲೂ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುವಸ್ತು ತೆಳ್ಳಗೆ ಉಳಿದಿರಬಹುದು. ಕಣ್ಣಿಗೆ ಕಾಣುವುದಿಲ್ಲ. ಒಂದು ಹನಿ ನೀರು ಹಾಕಿದರೆ ಗೊತ್ತಾಗುತ್ತದೆ. ಸ್ಪಂಜು ತಾಗಿದ ಜಾಗದಲ್ಲಿ ಹನಿ ಉಂಡೆಯಾಗಿ ನಿಂತಿತು, ಸ್ವಲ್ಪ ಓರೆ ಮಾಡಿದರೆ ಉರುಳಿಹೋಯಿತು. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ ಜಾಗದಲ್ಲಿ ಅದೇ ಹನಿ ಸ್ವಲ್ಪ ಅಗಲವಾಗಿ ಕೂತಿತು.

ತುಂಡು ಕತ್ತರಿಸಿ ನೋಡಿದ್ದು

ಒಂದು ಹಳೆಯ ಜೋಡನ್ನು ಬಲಿಕೊಟ್ಟೆವು. ಮೇಲ್ಭಾಗದಿಂದ ಪಟ್ಟಿಗಳನ್ನು ಕತ್ತರಿಸಿ, ಪ್ರತಿಯೊಂದನ್ನೂ ಅರ್ಧ ಹಾಗೇ ಬಿಟ್ಟು, ಉಳಿದರ್ಧವನ್ನು ಸಿದ್ಧಮಾಡಿದೆವು. ಸಿದ್ಧಮಾಡುವುದು ಅಂದರೆ ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಉಜ್ಜಿ ತೊಳೆಯುವುದು. ಒಣಗಿದ ಮೇಲೆ ಆಲ್ಕೋಹಾಲಿನಿಂದ ಒರೆಸುವುದು. ಆಮೇಲೆ ನಯವಾದ ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ಕೆರೆದು ಮತ್ತೆ ಒರೆಸುವುದು. ಈ ಕ್ರಮ ಮುಖ್ಯ. ಎಣ್ಣೆ ಇರುವಾಗಲೇ ಕೆರೆದರೆ ಗೀರಿನೊಳಕ್ಕೆ ಎಣ್ಣೆಯನ್ನು ನಾವೇ ತುಂಬಿದ ಹಾಗೆ. ಪ್ರತಿ ಸಲ ಒರೆಸುವಾಗಲೂ ಬಟ್ಟೆಯ ಹೊಸ ಭಾಗ ಬಳಸಬೇಕು. ಇಲ್ಲದಿದ್ದರೆ ತೆಗೆದ ಸಿಲಿಕೋನನ್ನು ಪಕ್ಕದ ಜಾಗಕ್ಕೆ ಹಚ್ಚುತ್ತಾ ಹೋಗುತ್ತೀರಿ.

ಕೆರೆಯುವುದಕ್ಕೂ ಮಿತಿ ಇದೆ. ಅಚ್ಚಿನಲ್ಲಿ ಬಂದ ಫೋಮಿಗೆ ತೆಳ್ಳಗಿನ ನುಣುಪು ಚರ್ಮ ಇರುತ್ತದೆ. ಒರಟು ಕಾಗದದಿಂದ ತಿಕ್ಕಿದರೆ ಆ ಚರ್ಮ ಹರಿದು ಒಳಗಿನ ಗುಳ್ಳೆ ತೆರೆಯುತ್ತವೆ. ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಆದರೆ ಮೇಲ್ಮೈ ಕೂದಲೆದ್ದ ಹಾಗೆ ಒರಟಾಗಿ ಕೊಳಕಾಗಿ ಕಾಣುತ್ತದೆ.

ಪರೀಕ್ಷೆಗಳು ಸರಳ. ಬ್ಲೇಡಿನಿಂದ ಚೌಕುಳಿ ಗೀರಿ, ಟೇಪು ಒತ್ತಿ, ಎಳೆದು ನೋಡುವುದು ಒಂದು. ಐಎಸ್ಒ 2409 ಅನ್ನುವ ಮಾನದಂಡದಲ್ಲಿ ಇದೇ ವಿಧಾನ ಇದೆ. ಎರಡು ದಿಕ್ಕಿಗೂ 6 ಗೀರು. ಮೆತ್ತನೆಯ ತಳಕ್ಕೆ ಗೀರುಗಳ ನಡುವೆ 2 ಮಿಲಿಮೀಟರ್ ಅಂತರ. ಏನೂ ಕಿತ್ತಿಲ್ಲ ಅಂದರೆ 0, ತೀರಾ ಕೆಟ್ಟದ್ದು 5. ಫೋಮಿನಲ್ಲಿ ಬ್ಲೇಡ್ ಒಳಕ್ಕೆ ಇಳಿದುಬಿಡುವುದರಿಂದ ನಮ್ಮದು ಆ ಮಾನದಂಡದ ಪರೀಕ್ಷೆ ಅಂತ ಹೇಳಿಕೊಳ್ಳುವ ಹಾಗಿಲ್ಲ. ಒಂದಕ್ಕೊಂದು ಹೋಲಿಸಲು ಸಾಕಿತ್ತು. ಇನ್ನೊಂದು, ಕೈ ನೋಯುವಷ್ಟು ಸಲ ಮಡಿಸಿ ಬಿಡಿಸುವುದು. ಅದೇ ತುಂಡನ್ನು ಫ್ರಿಜ್ಜಿನಲ್ಲಿ ಇಟ್ಟು ತಣ್ಣಗಿರುವಾಗಲೇ ಮತ್ತೆ ಮಡಿಸುವುದು. ಅಕ್ರಿಲಿಕ್ ತಣ್ಣಗಾದರೆ ಪೆಡಸಾಗುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಪಾಸಾದದ್ದು ಚಳಿಯಲ್ಲಿ ಫೇಲಾಗಬಹುದು. ರಾತ್ರಿಯಿಡೀ ನೀರಲ್ಲಿ ನೆನೆಸಿ ಬೆಳಿಗ್ಗೆ ಹೆಬ್ಬೆರಳಿನಿಂದ ತಿಕ್ಕುವುದು ಮತ್ತೊಂದು. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಬಣ್ಣ ಹಚ್ಚಿದ ಎರಡು ತುಂಡುಗಳನ್ನು ಮುಖಾಮುಖಿ ಇಟ್ಟು, ಮೇಲೆ ಭಾರ ಹೇರಿ, ಮಾರನೇ ದಿನ ಬಿಡಿಸುವುದು. ಮೆತ್ತನೆಯ ಬಣ್ಣಗಳ ನಿಜವಾದ ಗುಣ ಅಲ್ಲಿ ಬಯಲಾಗುತ್ತದೆ.

ತಂಡ ಮೊದಲು ಬಳಸಿದ್ದ ಕರಕುಶಲ ಅಕ್ರಿಲಿಕ್ ಸಿದ್ಧಮಾಡಿದ ಅರ್ಧದಲ್ಲಿ ಟೇಪಿಗೆ ಜಗ್ಗಲಿಲ್ಲ. ಮಡಿಸಿದಾಗ ಮಾತ್ರ ಒಡೆಯಿತು. ಮ್ಯಾಟ್ ಆಗಿ ಒಣಗುವ ಅಗ್ಗದ ಬಣ್ಣಗಳಲ್ಲಿ ಸುಣ್ಣದ ಪುಡಿಯಂಥ ತುಂಬುವಸ್ತು ಜಾಸ್ತಿ, ಅಂಟು ಕಮ್ಮಿ. ಹಿಗ್ಗುವುದು ಅಂಟು, ಪುಡಿಯಲ್ಲ. ಚಿತ್ರಕಲೆಯ ಅಕ್ರಿಲಿಕ್ ಇದಕ್ಕಿಂತ ಎಷ್ಟೋ ಮೇಲು. ತೆಳ್ಳಗೆ ಹಚ್ಚಿದರೆ ಚೆನ್ನಾಗಿ ಬಾಗುತ್ತದೆ. ಆದರೆ ಮುಖಾಮುಖಿ ಇಟ್ಟ ತುಂಡುಗಳು ಅಂಟಿಕೊಂಡು, ಬಿಡಿಸುವಾಗ ಒಂದರ ಬಣ್ಣ ಇನ್ನೊಂದಕ್ಕೆ ಹೋಯಿತು. ಜೋಡುಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಊರೂರು ಅಲೆಯುವ ತಂಡಕ್ಕೆ ಇದು ದೊಡ್ಡ ತೊಂದರೆ.

ಎನಾಮಲ್ ಸ್ಪ್ರೇ ಅನ್ನು ತಂಡದಲ್ಲಿ ಹಲವರು ಬಯಸಿದ್ದರು. ಮೊದಲ ದಿನ ಅದರಷ್ಟು ಅಂದ ಯಾವುದಕ್ಕೂ ಇರಲಿಲ್ಲ, ಒಪ್ಪುತ್ತೇನೆ. ಎಣ್ಣೆ ಆಧಾರದ ಎನಾಮಲ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ಒಣಗಿತು ಅಂತ ನಾವು ಅಂದುಕೊಂಡ ಮೇಲೂ ಆ ಕೆಲಸ ತಿಂಗಳುಗಟ್ಟಲೆ ನಡೆಯುತ್ತಲೇ ಇರುತ್ತದೆ. ಅಂದರೆ ಇವತ್ತು ಬಾಗಿದ್ದು ಮುಂದೆ ಒಡೆಯುತ್ತದೆ. ಸ್ಪ್ರೇಯಲ್ಲಿರುವ ಥಿನ್ನರ್ ಥರದ ದ್ರಾವಕಗಳು ಇವಿಎಯನ್ನು ಉಬ್ಬಿಸುತ್ತವೆ ಕೂಡ. ತೆಳ್ಳಗಿನ ಪಟ್ಟಿ ಸೊಟ್ಟಗಾಗಿದ್ದು ಕಣ್ಣಿಗೇ ಕಾಣುತ್ತಿತ್ತು.

ಉಗುರುಬಣ್ಣವನ್ನೂ ಹಚ್ಚಿ ನೋಡಿದೆವು, ಯಾಕೆಂದರೆ ಅದರಲ್ಲಿ ಬೇಕಾದ ಬಣ್ಣವೆಲ್ಲ ಇದ್ದವು. ಅದರ ದ್ರಾವಕ ಫೋಮನ್ನು ಸ್ವಲ್ಪ ಕಚ್ಚುವುದರಿಂದ ಹಿಡಿತ ಪರವಾಗಿಲ್ಲ. ಒಳಗಿರುವ ನೈಟ್ರೊಸೆಲ್ಯುಲೋಸ್ ಗಟ್ಟಿ ಜಾತಿ. ಮಡಿಸಿದರೆ ಗಾಜಿನ ಚೂರು. ಬಾಗದ ಜಾಗದಲ್ಲಿ ಒಂದು ಸಣ್ಣ ಚುಕ್ಕಿ ಇಡಲು ಆದೀತು, ಅಷ್ಟೇ. ಬಟ್ಟೆಗೆ ಹಚ್ಚುವ ಬಣ್ಣ ಇದಕ್ಕೆ ತದ್ವಿರುದ್ಧ. ಚೆನ್ನಾಗಿ ಹಿಗ್ಗುತ್ತದೆ. ಆದರೆ ಅದು ನೂಲಿನ ನಡುವೆ ನುಗ್ಗಿ ಹಿಡಿಯುವ ಬಣ್ಣ. ಇಲ್ಲಿ ನೂಲೇ ಇಲ್ಲ. ಇಸ್ತ್ರಿ ಹಾಕಿ ಗಟ್ಟಿಮಾಡಿ ಅನ್ನುತ್ತದೆ ಡಬ್ಬಿ. ಫೋಮಿಗೆ ಇಸ್ತ್ರಿ ಇಟ್ಟರೆ ಚಪ್ಪಲಿಯೇ ಉಳಿಯುವುದಿಲ್ಲ.

ಪರ್ಮನೆಂಟ್ ಮಾರ್ಕರ್ ಬಗ್ಗೆ ಒಂದೇ ಮಾತು. ತಿಳಿ ಬಣ್ಣದ ಚಪ್ಪಲಿಯ ಮೇಲೆ ಬಹಳ ಹೊಳೆಯುತ್ತದೆ, ಪದರವೇ ಇಲ್ಲದ್ದರಿಂದ ಒಡೆಯುವ ಪ್ರಶ್ನೆಯೂ ಇಲ್ಲ. ಆದರೆ ಬೆಳಕಿಗೆ ಬೇಗ ಮಾಸುತ್ತದೆ, ಮೇಲೆ ಹಚ್ಚಿದ ಪದರದೊಳಕ್ಕೂ ಹರಿಯುತ್ತದೆ.

ಪ್ಲಾಸ್ಟಿ ಡಿಪ್ ಥರದ ರಬ್ಬರ್ ಸ್ಪ್ರೇ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಫೋಮಿನ ಕವಚ, ಮುಖವಾಡ ಮಾಡುವವರೆಲ್ಲ ಅದನ್ನೇ ಶಿಫಾರಸು ಮಾಡುತ್ತಾರೆ. ಅವರ ಕೆಲಸಕ್ಕೆ ಅದು ಸರಿ. ಅದು ಚೆನ್ನಾಗಿ ಹಿಗ್ಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ಆದರೆ ಅದು ಕಾರಿನ ಚಕ್ರಕ್ಕೆ ಬಳಿದು, ಬೇಡ ಅನಿಸಿದಾಗ ಸುಲಿದು ಹಾಕಲಿ ಅಂತ ಜನ ಬಳಸುವ ವಸ್ತು. ಕವಚವನ್ನು ಯಾರೂ ನೆಲಕ್ಕೆ ಉಜ್ಜುವುದಿಲ್ಲ. ಚಪ್ಪಲಿಯ ಅಂಚಿನಲ್ಲಿ ಒಂದು ಸಣ್ಣ ತುದಿ ಎದ್ದರೆ ಸಾಕು, ಮಕ್ಕಳ ಬೆರಳು ಉಳಿದದ್ದನ್ನು ಮುಗಿಸುತ್ತದೆ.

ಎಲ್ಲದರಲ್ಲೂ ಕಮ್ಮಿ ದೂರು ಬಂದಿದ್ದು ಚರ್ಮಕ್ಕೆ ಹಚ್ಚುವ ನೀರಿನ ಅಕ್ರಿಲಿಕ್ ಬಣ್ಣದ ಮೇಲೆ. ಶೂ ಮೇಲೆ ಚಿತ್ರ ಬಿಡಿಸುವವರು ಬಳಸುವ ಏಂಜಲಸ್ ಈ ಜಾತಿಯದು. ಹೆಸರು ಯಾವುದಾದರೂ ಇರಲಿ, ಗುಣ ಮುಖ್ಯ. ಬಾಗುವ ಚರ್ಮಕ್ಕೆಂದೇ ಮಾಡಿದ್ದರಿಂದ ಅಂಟು ಮೆತ್ತಗಿರುತ್ತದೆ, ತೆಳ್ಳಗೆ ಹರಡುತ್ತದೆ, ಒಣಗಿದ ಪದರ ಬೆರಳಿಗೆ ಗೊತ್ತೇ ಆಗುವುದಿಲ್ಲ. ಸಿದ್ಧಮಾಡಿದ ಅರ್ಧದಲ್ಲಿ ಟೇಪಿಗೂ ಜಗ್ಗಲಿಲ್ಲ, ಮಡಿಸಿದಾಗಲೂ ತಡೆಯಿತು. ಫ್ರಿಜ್ಜಿನಿಂದ ತೆಗೆದ ತುಂಡಿನಲ್ಲಿ ದಪ್ಪಗೆ ಬಿದ್ದ ಕಡೆ ಮಾತ್ರ ಕೂದಲೆಳೆಯ ಬಿರುಕು. ಸಿದ್ಧಮಾಡದ ಅರ್ಧದಲ್ಲಿ? ಇದೇ ಒಳ್ಳೆಯ ಬಣ್ಣ ಟೇಪಿನ ಜೊತೆ ಪೂರ್ತಿ ಎದ್ದು ಬಂತು. ವೇಷಭೂಷಣದ ಹುಡುಗಿ ಆ ತುಂಡನ್ನು ತಂಡದವರಿಗೆ ತೋರಿಸಲು ಎತ್ತಿಟ್ಟುಕೊಂಡಳು. ಬಣ್ಣದ ಹೆಸರು ಕೇಳುವುದನ್ನು ಆಮೇಲೆ ನಿಲ್ಲಿಸಿದಳು.

ಪ್ಲಾಸ್ಟಿಕ್ಕಿಗೆ ಹಿಡಿತ ಕೊಡುವ ಪ್ರೈಮರ್ ಸ್ಪ್ರೇಗಳೂ ಇವೆ. ಕ್ಲೋರಿನ್ ಸೇರಿಸಿದ ಪ್ಲಾಸ್ಟಿಕ್ಕನ್ನು ಬಲವಾದ ದ್ರಾವಕದಲ್ಲಿ ಕರಗಿಸಿ ಮಾಡಿರುತ್ತಾರೆ. ಮಂಜಿನಷ್ಟು ತೆಳ್ಳಗೆ ಹಾಯಿಸಿದರೆ ಹಿಡಿತ ಚೆನ್ನಾಗಿ ಹೆಚ್ಚುತ್ತದೆ, ಜಾಸ್ತಿಯಾದರೆ ಫೋಮ್ ಉಬ್ಬುತ್ತದೆ. ವಾಸನೆ ಭಾರಿ. ಬಯಲಲ್ಲಿ, ರಾಸಾಯನಿಕ ಆವಿ ತಡೆಯುವ ಮಾಸ್ಕ್ ಹಾಕಿಕೊಂಡು ಮಾಡುವ ಕೆಲಸ ಅದು. ಧೂಳಿನ ಮಾಸ್ಕ್ ಸಾಲದು. ಶೂ ಕಾರ್ಖಾನೆಗಳಲ್ಲಿ ಇವಿಎಗೆ ಅಂಟು ಹಚ್ಚುವ ಮೊದಲು ಅತಿನೇರಳೆ ದೀಪದ ಕೆಳಗೆ ಹಾಯಿಸುವ ವಿಶೇಷ ಪ್ರೈಮರ್ ಬಳಸುತ್ತಾರೆ. ಆ ದೀಪ ಇಲ್ಲದೆ ಆ ಪ್ರೈಮರ್ ಕೆಲಸಕ್ಕೆ ಬಾರದು. ಕೆರೆದು ಒರೆಸಿದ್ದೇ ನಮಗೆ ಸಾಕಾಗಿದ್ದರಿಂದ ಎರಡನ್ನೂ ಬಿಟ್ಟೆವು.

ಹೊಳಪಿನ ಜಗಳ

ಇಲ್ಲಿಗೆ ನಿಲ್ಲುವ ಬಣ್ಣ ಸಿಕ್ಕಿತು. ಹೊಳೆಯುವ ಬಣ್ಣ ಇನ್ನೂ ಸಿಕ್ಕಿರಲಿಲ್ಲ.

ಕಡುನೀಲಿ ಫೋಮಿನ ಮೇಲೆ ಹಳದಿ ಹಚ್ಚಿದರೆ ಕೊಳೆತ ಹಸಿರಾಗುತ್ತದೆ. ಹಳದಿ, ಕಿತ್ತಳೆ, ಗುಲಾಬಿ ಬಣ್ಣಗಳು ಹೆಚ್ಚುಕಮ್ಮಿ ಪಾರದರ್ಶಕ. ಕೆಳಗಿನ ಬಣ್ಣ ಇಣುಕುತ್ತದೆ. ಇಣುಕದಂತೆ ಮುಚ್ಚಲು ಕೋಟ್ ಮೇಲೆ ಕೋಟ್ ಹಚ್ಚುತ್ತೇವೆ. ಪದರ ದಪ್ಪವಾಗುತ್ತದೆ. ದಪ್ಪ ಪದರ ಬೇಗ ಒಡೆಯುತ್ತದೆ. ಈ ಪ್ರಕರಣದ ಗಂಟು ಇದೇ ಅಂತ ನನ್ನ ಅಭಿಪ್ರಾಯ. ಹೊಳಪೂ ಬಾಳಿಕೆಯೂ ಪದರದ ದಪ್ಪದ ವಿಷಯದಲ್ಲಿ ಒಂದಕ್ಕೊಂದು ವೈರಿಗಳು.

ದಾರಿ ಎಂದರೆ ಕೆಳಗೆ ಬಿಳಿ. ಟೈಟಾನಿಯಂ ಡೈಆಕ್ಸೈಡ್ ಇರುವ ಬಿಳಿ ಬಣ್ಣ ಮುಚ್ಚುವುದರಲ್ಲಿ ಗಟ್ಟಿಗ. ತೆಳ್ಳಗಿನ ಬಿಳಿ, ಅದರ ಮೇಲೆ ತೆಳ್ಳಗಿನ ಹಳದಿ ಹಚ್ಚಿದರೆ ಬರೀ ಹಳದಿಯನ್ನು ದಪ್ಪಗೆ ಬಳಿದುದಕ್ಕಿಂತ ಹೆಚ್ಚು ಹೊಳೆಯುತ್ತದೆ, ಒಟ್ಟು ದಪ್ಪವೂ ಕಮ್ಮಿ. ಇನ್ನೂ ಒಳ್ಳೆಯ ದಾರಿ ಚಪ್ಪಲಿಯನ್ನೇ ಬದಲಿಸುವುದು. ಬಿಳಿ ಅಥವಾ ತಿಳಿ ಹಳದಿ ಕ್ಲಾಗ್ ಕೊಂಡರೆ ಬಿಳಿ ಕೋಟೇ ಬೇಡ. ಗಿಳಿಗೆ ಹಸಿರು ಫೋಮ್, ಜೀರುಂಡೆಗೆ ಕೆಂಪು ಫೋಮ್ ಸಿಕ್ಕಿಬಿಟ್ಟರೆ ಹಿನ್ನೆಲೆಗೆ ಬಣ್ಣ ಹಚ್ಚುವ ಕೆಲಸವೇ ಇಲ್ಲ. ಫೋಮಿನೊಳಗೇ ಕಲಸಿದ ಬಣ್ಣ ಒಡೆಯುವುದಿಲ್ಲ, ಸುಲಿಯುವುದಿಲ್ಲ. ಹೀಗಂದಾಗ ತಂಡದಲ್ಲಿ ಕೆಲವರ ಮುಖ ಸಣ್ಣಗಾಯಿತು. ಬಣ್ಣ ಹುಡುಕಿ ಅಂದರೆ ಚಪ್ಪಲಿ ಬದಲಿಸಿ ಅಂತಾರಲ್ಲ ಅಂತ. ಇದ್ದ ಕಡುನೀಲಿ ಜೋಡುಗಳನ್ನು ಬಸವನಹುಳುಗಳಿಗೆ ಮತ್ತು ಕತ್ತಲ ದೃಶ್ಯದ ಪಾತ್ರಗಳಿಗೆ ಹಂಚಿ, ಹೊಳೆಯಲೇಬೇಕಾದವರಿಗೆ ಮಾತ್ರ ತಿಳಿ ಬಣ್ಣದವು ತರಿಸಿದರು.

ಬಣ್ಣದ ಪುಡಿ ಯಾವುದು ಅನ್ನುವುದನ್ನೂ ನೋಡಬೇಕು. ಒಳ್ಳೆಯ ಬಣ್ಣದ ಟ್ಯೂಬಿನ ಮೇಲೆ ಪುಡಿಯ ಸಂಕೇತ ಬರೆದಿರುತ್ತದೆ. ಪಿಬಿ 15 ಅಂದರೆ ಥ್ಯಾಲೊ ನೀಲಿ, ಪಿಜಿ 7 ಅಂದರೆ ಥ್ಯಾಲೊ ಹಸಿರು. ಎರಡೂ ಕಡುಹೊಳಪಿನವು, ಬಿಸಿಲಿಗೆ ಬಗ್ಗುವುದಿಲ್ಲ. ಗುಲಾಬಿ ನೇರಳೆಗೆ ಪಿವಿ 19, ಹಳದಿಗೆ ಪಿವೈ 154 ನಂಬಬಹುದಾದವು. ಸಂಕೇತವೇ ಇಲ್ಲದ ಬಣ್ಣವಾದರೆ ಒಂದು ಗೆರೆ ಬಳಿದು, ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ವಾರ ಬಿಟ್ಟರೆ ಅದರ ಬಂಡವಾಳ ಗೊತ್ತಾಗುತ್ತದೆ.

ಮಿಂಚು ಗುಲಾಬಿ ಮಾತ್ರ ಬೇರೆ ಜಾತಿ. ನಿಯಾನ್ ಅನ್ನುತ್ತಾರಲ್ಲ, ಆ ಬಣ್ಣಗಳು ಕಾಣದ ಅತಿನೇರಳೆ ಬೆಳಕನ್ನೂ ನೀಲಿ ಬೆಳಕನ್ನೂ ಹೀರಿ, ಕಾಣುವ ಬಣ್ಣವಾಗಿ ವಾಪಸ್ ಕೊಡುತ್ತವೆ. ಅದಕ್ಕೇ ಅವು ತಾವೇ ಉರಿಯುತ್ತಿರುವ ಹಾಗೆ ಕಾಣುವುದು. ಅದೇ ಕಾರಣಕ್ಕೆ ಬಿಸಿಲಲ್ಲಿ ಬೇಗ ಸಾಯುತ್ತವೆ. ಅವುಗಳ ಮೇಲೆ ಅತಿನೇರಳೆ ತಡೆಯುವ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಹಚ್ಚಿದರೆ ಆಯುಸ್ಸು ಸ್ವಲ್ಪ ಹೆಚ್ಚುತ್ತದೆ, ಆದರೆ ಯಾವ ಬೆಳಕಿನಿಂದ ಅವು ಮಿಂಚುತ್ತವೋ ಅದನ್ನೇ ತಡೆದ ಹಾಗಾಗಿ ಮಿಂಚು ಕಮ್ಮಿ. ರಸ್ತೆಯಲ್ಲಿ ದಿನವೂ ಹಾಕುವ ಚಪ್ಪಲಿಗಾದರೆ ನಾನು ನಿಯಾನ್ ಬೇಡವೇ ಬೇಡ ಅನ್ನುತ್ತೇನೆ. ಒಳಾಂಗಣದ ರಂಗದ ಮೇಲೆ ಮಾತ್ರ ಹಾಕಿ, ಆಮೇಲೆ ಪೆಟ್ಟಿಗೆಯ ಕತ್ತಲಲ್ಲಿ ಮಲಗುವ ಚಪ್ಪಲಿಗೆ ಅದು ಸರಿಹೋಗುತ್ತದೆ. ಹಾಗಾಗಿ ಕಪ್ಪೆಯ ಬಾಯಿ, ಗಿಳಿಯ ರೆಕ್ಕೆ ತುದಿ ಇಂಥ ಸಣ್ಣ ಜಾಗಗಳಲ್ಲಿ ಬಿಳಿಯ ಮೇಲೆ ನಿಯಾನ್ ಇಟ್ಟೆವು.

ಚಿತ್ರವನ್ನೇ ಬದಲಿಸಿದ್ದು

ಬಾಳಿಕೆಗೆ ಎಲ್ಲಕ್ಕಿಂತ ಹೆಚ್ಚು ನೆರವಾಗಿದ್ದು ಬಣ್ಣವಲ್ಲ, ಚಿತ್ರದ ವಿನ್ಯಾಸ. ಒಬ್ಬ ನಟನಿಗೆ ಬಣ್ಣವಿಲ್ಲದ ಜೋಡು ಹಾಕಿಸಿ, ತುದಿಗಾಲಲ್ಲಿ ನಿಲ್ಲಿಸಿ, ಕೂರಿಸಿ, ಎಲ್ಲೆಲ್ಲಿ ಮಡಿಕೆ ಬೀಳುತ್ತದೆ ಅನ್ನುವುದನ್ನು ಸೀಮೆಸುಣ್ಣದಿಂದ ಗುರುತು ಮಾಡಿದೆವು. ಮಡಿಕೆಯ ಪಟ್ಟಿ ನಾವು ಅಂದುಕೊಂಡದ್ದಕ್ಕಿಂತ ಕಿರಿದು. ಬೆರಳಿನ ಗುಮ್ಮಟ ಮತ್ತು ಹಿಮ್ಮಡಿಯ ಸುತ್ತ ಹೆಚ್ಚುಕಮ್ಮಿ ಬಾಗುವುದೇ ಇಲ್ಲ.

ಮೊದಲಿನ ಚಿತ್ರದಲ್ಲಿ ಇಡೀ ಚಪ್ಪಲಿಗೆ ಒಂದೇ ಬಣ್ಣದ ಹೊದಿಕೆ ಇತ್ತು. ಹೊಸದರಲ್ಲಿ ದೊಡ್ಡ ಬಣ್ಣದ ಜಾಗಗಳೆಲ್ಲ ಗುಮ್ಮಟಕ್ಕೆ ಮತ್ತು ಹಿಮ್ಮಡಿಗೆ ಹೋದವು. ಮಡಿಕೆಯ ಜಾಗದಲ್ಲಿ ಫೋಮಿನ ಸ್ವಂತ ಬಣ್ಣವೇ ಉಳಿಯಿತು. ಅಲ್ಲಿಯೂ ಬಣ್ಣ ಬೇಕೇಬೇಕು ಅನಿಸಿದ ಕಡೆ ಒಂದಕ್ಕೊಂದು ತಾಗದ ಸಣ್ಣ ಚುಕ್ಕಿಗಳನ್ನು ಇಟ್ಟೆವು. ಫೋಮ್ ಹಿಗ್ಗುವಾಗ ಚುಕ್ಕಿಗಳ ನಡುವಿನ ಜಾಗ ಹಿಗ್ಗುತ್ತದೆ, ಚುಕ್ಕಿಯ ಮೇಲೆ ಎಳೆತ ಕಮ್ಮಿ. ಒಂದು ಚುಕ್ಕಿ ಹೋದರೂ ಪಕ್ಕದ್ದನ್ನು ಎಳೆದುಕೊಂಡು ಹೋಗುವುದಿಲ್ಲ. ಕಪ್ಪೆಗೆ ಮೈತುಂಬ ಮಚ್ಚೆ ಬಂತು, ಅದಕ್ಕೆ ಅದು ಒಪ್ಪಿತು ಕೂಡ. ಗಿಳಿಯ ಗರಿಗಳನ್ನು ಬಿಡಿ ಬಿಡಿಯಾಗಿ, ನಡುವೆ ಗೆರೆಯಷ್ಟು ಜಾಗ ಬಿಟ್ಟು ಬಿಡಿಸಿದೆವು.

ಕಾಲು ತಾಗುವ ಒಳಮೈಗೆ ಮತ್ತು ಅಟ್ಟೆಯ ಕೆಳಗೆ ಬಣ್ಣ ಬೇಡ ಅಂತ ಮೊದಲೇ ಹೇಳಿದ್ದೆ. ಒಳಗೆ ಬೆವರು ಮತ್ತು ಉಜ್ಜಾಟದಲ್ಲಿ ಯಾವುದೂ ನಿಲ್ಲುವುದಿಲ್ಲ, ಬಣ್ಣ ಚರ್ಮಕ್ಕೆ ತಾಗುತ್ತದೆ. ಕೆಳಗೆ ಹಚ್ಚಿದರೆ ನಟರು ಜಾರುತ್ತಾರೆ.

ಹಚ್ಚಿದ ಬಗೆ

ತೊಳೆದು, ಒರೆಸಿ, ಕೆರೆದು, ಮತ್ತೆ ಒರೆಸಿದ ಮೇಲೆ ಆ ಜಾಗವನ್ನು ಬರಿಗೈಯಿಂದ ಮುಟ್ಟುವ ಹಾಗಿಲ್ಲ. ಕೈಯ ಜಿಡ್ಡು ಸಾಕು ಹಿಡಿತ ಕೆಡಿಸಲು. ಒದ್ದೆ ಟಿಶ್ಯೂ ಬಳಸಲೂ ಬಿಡಲಿಲ್ಲ, ಅದರಲ್ಲಿ ಚರ್ಮ ಮೆತ್ತಗಾಗಿಸುವ ಎಣ್ಣೆ ಅಂಶ ಇರುತ್ತದೆ.

ಮೊದಲ ಕೋಟನ್ನು ಸ್ವಲ್ಪ ನೀರು ಬೆರೆಸಿ, ಸ್ಪಂಜಿನಿಂದ ಒತ್ತಿ ಒತ್ತಿ ಹಚ್ಚಿದರು. ಬ್ರಶ್ಶಿನಿಂದ ಎಳೆದರೆ ಬಣ್ಣ ಸರಿದು ದೂರ ಹೋಗುತ್ತದೆ, ಒತ್ತಿದರೆ ಗೀರುಗಳಿಗೆ ಇಳಿಯುತ್ತದೆ. ಅರೆಬರೆ ಮುಚ್ಚಿದ ಹಾಗೆ ಕಾಣುವ ಆ ಕೋಟನ್ನು ನೋಡಿ ಎಲ್ಲರಿಗೂ ಇನ್ನೊಂದಿಷ್ಟು ಬಳಿಯುವ ಆಸೆ. ತಡೆಯಬೇಕು. ಒಣಗಿದ ಮೇಲೆ ಇನ್ನೊಂದು ತೆಳ್ಳಗಿನ ಕೋಟ್, ಬೇಕಿದ್ದರೆ ಮತ್ತೊಂದು. ಕೆಳಗಿನ ಫೋಮ್ ನೀರು ಹೀರದ ಕಾರಣ ಬಣ್ಣದ ನೀರು ಮೇಲಿನಿಂದ ಮಾತ್ರ ಆರಬೇಕು. ಹಾಗಾಗಿ ಕಾಗದದ ಮೇಲಿಗಿಂತ ನಿಧಾನ.

ಆತುರಕ್ಕೆ ಬಿಸಿಲಲ್ಲಿ ಇಡೋಣ ಅಂತ ಒಬ್ಬರು ಸೂಚಿಸಿದರು. ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಕ್ಲಾಗ್ ಒಂದು ಸೈಜ್ ಸಣ್ಣದಾಗುವುದು ಎಷ್ಟೋ ಜನರ ಅನುಭವ. ಇವಿಎ ಮೆತ್ತಗಾಗುವ ಶಾಖ ಕುದಿಯುವ ನೀರಿನದಕ್ಕಿಂತ ಕೆಳಗೇ ಇದೆ. ಬಿಸಿನೀರಲ್ಲಿ ಅದ್ದಿ ಬಣ್ಣ ಹಾಕುವ ಉಪಾಯಗಳನ್ನೂ ಇದೇ ಕಾರಣಕ್ಕೆ ನಾನು ಒಪ್ಪುವುದಿಲ್ಲ. ಫ್ಯಾನಿನ ಗಾಳಿ ಸಾಕು.

ಕೊನೆಗೆ ಬಾಗುವ ಜಾತಿಯ ನೀರಿನ ಪಾಲಿಯುರೆಥೇನ್ ಕ್ಲಿಯರ್ ಒಂದು ತೆಳ್ಳಗಿನ ಕೋಟ್. ಇದು ಗೀರು ತಡೆಯುತ್ತದೆ, ಬಣ್ಣ ಒಂದಕ್ಕೊಂದು ಅಂಟುವುದನ್ನೂ ಕಮ್ಮಿ ಮಾಡುತ್ತದೆ. ಮರದ ನೆಲಕ್ಕೆ ಹಚ್ಚುವ ಗಟ್ಟಿ ವಾರ್ನಿಶ್ ಹಚ್ಚಿದರೆ ಇಷ್ಟು ಹೊತ್ತಿನ ಶ್ರಮವೆಲ್ಲ ಮಣ್ಣುಪಾಲು. ಮೇಲಿನ ಪದರ ಒಡೆದಾಗ ಕೆಳಗಿನ ಮೆತ್ತನೆಯ ಪದರವನ್ನೂ ಜೊತೆಗೇ ಹರಿಯುತ್ತದೆ.

ಮುಟ್ಟಿದರೆ ಅಂಟದ ಸ್ಥಿತಿ ಬೇಗ ಬರುತ್ತದೆ. ಪದರ ಪೂರ್ತಿ ಬಲವಾಗಲು ವಾರವಾದರೂ ಬೇಕು. ಈ ಒಂದು ವಿಷಯಕ್ಕೆ ತಂಡದ ನಿರ್ದೇಶಕರ ಜೊತೆ ಸ್ವಲ್ಪ ಮಾತುಕತೆ ಆಯಿತು. "ತಾಲೀಮಿಗೆ ಬೂದು ಜೋಡು ಹಾಕ್ಕೊಳ್ಳಲಿ ಸರ್, ಬಣ್ಣದ್ದು ಪ್ರದರ್ಶನದ ದಿನವೇ ಹೊರಗೆ ಬರಲಿ" ಅಂತ ಹುಡುಗಿಯೇ ಗಟ್ಟಿಯಾಗಿ ಹೇಳಿ ಒಪ್ಪಿಸಿದಳು.

ಪ್ರದರ್ಶನಗಳಾದ ಮೇಲೆ

ಒಂದು ಸುತ್ತಿನ ಪ್ರದರ್ಶನ ಮುಗಿದ ಮೇಲೆ ಜೋಡುಗಳನ್ನು ಮತ್ತೆ ನೋಡಿದೆ. ಗುಮ್ಮಟ ಮತ್ತು ಹಿಮ್ಮಡಿಯ ದೊಡ್ಡ ಬಣ್ಣಗಳು ಹಾಗೇ ಇದ್ದವು. ಚುಕ್ಕಿಗಳಲ್ಲಿ ಕೆಲವು ಹೋಗಿದ್ದವು, ರಂಗದಿಂದ ಯಾರಿಗೂ ಕಾಣದಷ್ಟು. ಬಿರುಕು ಕಂಡಿದ್ದು ಎರಡು ಕಡೆ ಮಾತ್ರ. ಗಿಳಿಯ ಒಂದು ಗರಿ ಮಡಿಕೆಯ ಗೆರೆ ದಾಟಿ ಬಂದಿತ್ತು, ಅಲ್ಲಿ ಒಡೆದಿತ್ತು. ಇನ್ನೊಂದು, ಹಿಂದಿನ ಪಟ್ಟಿ ತಿರುಗುವ ಗುಂಡಿಯ ಸುತ್ತ. ಅಲ್ಲಿ ಫೋಮಿಗೆ ಫೋಮ್ ಉಜ್ಜುತ್ತದೆ. ಆ ಜಾಗವನ್ನು ಮುಂದೆ ಬಣ್ಣವಿಲ್ಲದೆ ಬಿಡಬೇಕು, ಬೇರೆ ಉಪಾಯ ನನಗೆ ಕಾಣುವುದಿಲ್ಲ.

ಬಗೆಹರಿಯದೆ ಉಳಿದದ್ದು ಒಳಬದಿಯ ಉಜ್ಜಾಟ. ಕುಣಿಯುವಾಗ ಎರಡು ಪಾದಗಳ ಒಳಬದಿ ಒಂದಕ್ಕೊಂದು ತಾಗುತ್ತದೆ. ಅಲ್ಲಿ ಬಣ್ಣ ಸುಲಿದಿರಲಿಲ್ಲ, ಒಡೆದಿರಲಿಲ್ಲ, ಸವೆದಿತ್ತು. ಪಾಲಿಯುರೆಥೇನ್ ಕೋಟ್ ಅದನ್ನು ತಡಮಾಡಿತು, ತಪ್ಪಿಸಲಿಲ್ಲ. ಸವೆದ ಜಾಗವನ್ನು ಆಲ್ಕೋಹಾಲಿನಿಂದ ಒರೆಸಿ, ಮೇಲಿನ ಕ್ಲಿಯರ್ ಪದರವನ್ನು ಅಂಚಿನಲ್ಲಿ ಸ್ವಲ್ಪ ಕೆರೆದು, ಅದೇ ಬಣ್ಣವನ್ನು ತೆಳ್ಳಗೆ ಒತ್ತಿದರೆ ಸಾಕು. ಪ್ರತಿ ಬಣ್ಣದ್ದೂ ಒಂದು ಸಣ್ಣ ಶೀಶೆ, ಸ್ಪಂಜಿನ ತುಂಡು ಈಗ ತಂಡದ ಪೆಟ್ಟಿಗೆಯಲ್ಲಿ ಇರುತ್ತದೆ.

ಜೋಡುಗಳನ್ನು ಇಡುವಾಗ ನಡುವೆ ಬೇಕಿಂಗ್ ಪೇಪರ್ ಹಾಕುತ್ತಾರೆ. ಸಾದಾ ಪ್ಲಾಸ್ಟಿಕ್ ಚೀಲದಲ್ಲಿ ಒತ್ತಿ ತುಂಬಿದ ಒಂದು ಜೋಡಿನ ಮೇಲೆ ಚೀಲದ ಅಕ್ಷರ ಅಚ್ಚಾಗಿ ಉಳಿದಿದೆ. ಅದನ್ನು ಕೆರೆದು ತೆಗೆಯಲು ಹೋಗದೆ ಅದರ ಮೇಲೆ ಜೀರುಂಡೆಗೆ ಇನ್ನೊಂದು ಮಚ್ಚೆ ಬರೆದರು.